ದೀಪಕ್ಕೆ ಹಾಕಿದ ಔಷಧ

ನೆರಳುಪೇಟೆ, ಗದಗ
ಇಸವಿ ೨೩೦೬, ಬಿಸಿಲುಮಾಸದ ಮೂವತ್ತೆಂಟನೆಯ ದಿನ

‘ಕೂಗು ನಿಂತ ಮನೆಯಲ್ಲಿ ಗಾಯ ಮಾಯ್ದಿತೆಂದು ತಿಳಿ.’ ಹೀಗೇನೋ ಒಂದು ಸಾಲು. ಎಲ್ಲಿ ಓದಿದೆನೋ ನೆನಪಿಲ್ಲ. ಮುಂದಿನ ಸಾಲು ‘ಆದರೆ’ ಎಂದು ಶುರುವಾಗುತ್ತಿತ್ತು ಎಂಬ ಗುಮಾನಿಯಿದೆ. ಹಾಗಿದ್ದರೆ ಆ ಕವಿಯನ್ನು ಕ್ಷಮಿಸುತ್ತೇನೆ, ಇಲ್ಲದಿದ್ದರೆ ಇಲ್ಲ. ಕೂಗು ನಿಂತ ಮಾತ್ರಕ್ಕೆ ಗಾಯ ಮಾಯ್ದಿದೆ ಎಂದು ಹೇಗೆ ತಿಳಿಯುವುದು? ಕೂಗುವವರ ಬಾಯಿಗೆ ಯಾರೋ ಬಟ್ಟೆ ತುರುಕಿರಬಹುದಲ್ಲ? ಬಹಳ ದಿನಗಳಿಂದ ಈ ಸಾಲು ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯ ಹಾಗೆ ನನ್ನನ್ನು ಕಾಡುತ್ತಿದೆ. ಒಳ್ಳೆಯ ಲಯವಿರುವ ಸುಳ್ಳು ಬೇಗ ಬಾಯಿಪಾಠವಾಗುತ್ತದೆ.

ಇನ್ನೂರೆಂಬತ್ತು ವರ್ಷ ಹಿಂದಿನ ನಿಮಗೆ, ಮುಕ್ತಾ ಎಂಬವಳ ನಮಸ್ಕಾರ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ, ನೆಂಟರ ಮನೆಯಲ್ಲಿ ಕಳೆಯಲೆಂದು ಬಿಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ, ಬಿಡಿಸಿ ಹೇಳುತ್ತೇನೆ. ಹಿಂದಿನವರಿಗೆ ಬರೆಯುವ ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಬದುಕಿರುವವರ ಮೇಲೆ ಸಿಟ್ಟು ತೀರಿಸಿಕೊಂಡರೆ ಮನೆ ಕೆಡುತ್ತದೆ, ಸತ್ತವರ ಮೇಲೆ ತೀರಿಸಿಕೊಂಡರೆ ಯಾರಿಗೂ ನಷ್ಟವಿಲ್ಲ ಎಂಬ ಆಲೋಚನೆಯಿಂದ ಈ ಪದ್ಧತಿ ಹುಟ್ಟಿರಬೇಕು. ನಾನು ನಲವತ್ತೆಂಟರ ಹೆಂಗಸು, ಕಾವ್ಯದಲ್ಲಿ ಸ್ನಾತಕೋತ್ತರ ಓದು ಮುಗಿಸಿದವಳು, ಸಾಧಾರಣವಾಗಿ ಯಾರೊಂದಿಗೂ ದನಿ ಏರಿಸುವವಳಲ್ಲ. ಇವತ್ತು ಏರಿಸುತ್ತೇನೆ. ಕೇಳಿಸಿಕೊಳ್ಳಿ.

ಮೊದಲು ನಮ್ಮ ಓಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡೂ ಕಡೆಯ ಮಾಳಿಗೆಗಳ ನಡುವೆ ಉದ್ದಕ್ಕೂ ನೆರಳುಬಟ್ಟೆ ಕಟ್ಟಿದೆ. ಅದಿಲ್ಲದೆ ಬಿಸಿಲುಮಾಸದಲ್ಲಿ ಇಲ್ಲಿ ಯಾರೂ ನಡೆಯಲಾರರು. ತಮ್ಮ ಬಾಗಿಲ ಮುಂದಿನ ಬಟ್ಟೆಯನ್ನು ಆಯಾ ಮನೆಯವರೇ ಹೊಲಿದುಕೊಳ್ಳಬೇಕು. ಹೀಗಾಗಿ ತೇಪೆ ನೋಡಿಯೇ ಮನೆಯವರ ಸ್ವಭಾವ ಹೇಳಬಹುದು. ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ನಡುಹಗಲು ಊರಿಗೆ ಊರೇ ಮಲಗುತ್ತದೆ. ಸಂಜೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಂದಾಗ ಎಲ್ಲರೂ ಕಟ್ಟೆಗೆ ಬಂದು ಕೂರುತ್ತಾರೆ, ಮತ್ತು ಎಲ್ಲರೂ ಎಲ್ಲರ ಬಾಗಿಲ ದೀಪ ನೋಡುತ್ತಾರೆ. ಈ ದೀಪವೇ ನನ್ನ ಕಾಗದದ ವಿಷಯ.

ನಮ್ಮಲ್ಲಿ ಪ್ರತಿ ಹೊಸ್ತಿಲಿಗೂ ಒಂದು ತಗಡು ಕೂರಿಸಿರುತ್ತದೆ. ಹೊಸ್ತಿಲು ತುಳಿಯಬೇಡವೆಂದು ನೀವು ಮಕ್ಕಳನ್ನು ಗದರುತ್ತಿದ್ದಿರಂತೆ. ನಾವು ತುಳಿಯದ ಮಕ್ಕಳನ್ನು ಗದರುತ್ತೇವೆ. ಬರಿಗಾಲಲ್ಲಿ ತುಳಿದಾಗ ಅಂಗಾಲಿನ ಬೆವರಿನಿಂದ ಆ ತಗಡು ದೇಹದ ಕರೆಗಳನ್ನು ಓದಿಕೊಳ್ಳುತ್ತದೆ, ಬಾಗಿಲ ಮೇಲಿನ ದೀಪ ಅದಕ್ಕೆ ತಕ್ಕ ಬಣ್ಣ ತಾಳುತ್ತದೆ. ಎಲ್ಲರೂ ನೆಮ್ಮದಿಯಿಂದಿದ್ದರೆ ಹಸಿರು. ಒಬ್ಬರ ದೇಹವಾದರೂ ಬಿಡದೆ ಕೂಗುತ್ತಿದ್ದರೆ ಕೆಂಡದ ಬಣ್ಣ. ಬಂದ ಅತಿಥಿಗಳು ಮಾತ್ರ ಹೊಸ್ತಿಲನ್ನು ತುಳಿಯದೆ ದಾಟಿಕೊಂಡು ಬರುತ್ತಾರೆ, ತಮ್ಮ ಬೇನೆ ಇನ್ನೊಬ್ಬರ ದೀಪಕ್ಕೆ ಹತ್ತದಿರಲೆಂದು. ಅದು ಮರ್ಯಾದೆ.

ಕರೆ ಎಂದರೇನು ಎಂದು ಕೇಳುತ್ತೀರಿ. ನೀವೇ ಕಂಡುಹಿಡಿದದ್ದು, ನಿಮಗೇ ಹೇಳಬೇಕಾಗಿದೆ ನೋಡಿ. ದೇಹದಲ್ಲಿ ಗಾಯವಾದರೆ, ಸೋಂಕು ತಗುಲಿದರೆ ಅಲ್ಲಿನ ಜೀವಕೋಶಗಳು ಸುಮ್ಮನಿರುವುದಿಲ್ಲ, ಸಣ್ಣ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು ಸುದ್ದಿ ಕಳಿಸುತ್ತವೆ. ನೀವು ಅವಕ್ಕೆ ಸೈಟೊಕೈನ್ ಎನ್ನುತ್ತಿದ್ದಿರಿ. ಒಂದು ಕರೆ ಕಾವಲುಕೋಶಗಳನ್ನು ಕೂಗುತ್ತದೆ. ಒಂದು ಹೊಸ ಚರ್ಮ ಬೆಳೆಯಲಿ ಎನ್ನುತ್ತದೆ, ಒಂದು ಹೊಸ ರಕ್ತನಾಳ ಚಾಚಲಿ ಎನ್ನುತ್ತದೆ. ಮತ್ತೊಂದು, ಸಾಕು, ಎಲ್ಲರೂ ಮನೆಗೆ ಹೋಗಿ ಎನ್ನುತ್ತದೆ. ಈ ಕೊನೆಯದು ಹೊತ್ತಿಗೆ ಸರಿಯಾಗಿ ಬಂದರೆ ಗಾಯ ಮಾಯುತ್ತದೆ. ಆದರೆ ಅದೇ ಜಾಗ ದಿನಾ ಕೆತ್ತಿಹೋಗುತ್ತಿದ್ದರೆ ‘ಬೆಳೆ, ಬೆಳೆ’ ಎಂಬ ಕರೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅಲ್ಲೆಲ್ಲೋ ಒಂದು ಕೆಟ್ಟ ಕೋಶ ಇದ್ದರೆ ಅದಕ್ಕೂ ಆ ಕರೆ ಕೇಳಿಸುತ್ತದೆ, ಅದೂ ಬೆಳೆಯುತ್ತದೆ. ಕ್ಯಾನ್ಸರಾಗಿ ಬೇರುಬಿಟ್ಟ ಮೇಲೆ ತಾನೂ ಕರೆ ಹೊರಡಿಸಲು ಕಲಿಯುತ್ತದೆ: ಇಲ್ಲೇನೂ ಆಗಿಲ್ಲ, ಕಾವಲಿನವರು ಬರುವುದು ಬೇಡ. ಗಾಯ ಮಾಯಿಸುವ ದನಿಯಲ್ಲೇ ಅದು ಸುಳ್ಳು ಹೇಳುತ್ತದೆ.

ಇದೆಲ್ಲ ನಿಮಗೆ ಗೊತ್ತಿತ್ತು. ನನ್ನ ತಲೆ ಕೆಡುವುದು ಇಲ್ಲಿಯೇ. ದೊಡ್ಡ ದೊಡ್ಡ ಸಭೆಗಳಲ್ಲಿ ಪ್ರಬಂಧ ಓದಿದಿರಿ, ಚಿತ್ರ ಬರೆದು ಬಾಣ ಹಾಕಿ ತೋರಿಸಿದಿರಿ, ಆಮೇಲೆ ಮನೆಗೆ ಬಂದು ಬಾಯಿಹುಣ್ಣಾದ ಅತ್ತೆಗೆ ಏನೆಂದಿರಿ? ‘ಉಷ್ಣ ಆಗಿದೆ, ಮಜ್ಜಿಗೆ ಕುಡಿಯಿರಿ’ ಎಂದಿರಿ. ಮೊಡವೆ, ಕಣ್ಣುರಿ, ಅಜೀರ್ಣ, ವರ್ಷವಿಡೀ ಮಾಯದ ಹುಣ್ಣು, ಎಲ್ಲವನ್ನೂ ಉಷ್ಣ ಎಂಬ ಒಂದೇ ಚೀಲಕ್ಕೆ ತುಂಬಿ ನಮಗೆ ಬಳುವಳಿ ಕೊಟ್ಟಿರಿ. ಇನ್ನೊಂದು ಕೈಯಲ್ಲಿ ಅಡಿಕೆಪುಡಿಯ ಪೊಟ್ಟಣಗಳನ್ನು ಅಂಗಡಿಗಳ ಮುಂದೆ ಮದುಮಗನ ಹಾರದ ಹಾಗೆ ತೂಗುಹಾಕಿದಿರಿ. ಆ ಪೊಟ್ಟಣಗಳನ್ನು ನಾನು ವಸ್ತುಸಂಗ್ರಹಾಲಯದಲ್ಲಿ ನೋಡಿದ್ದೇನೆ, ಬಹಳ ಹೊಳೆಯುತ್ತವೆ. ಪೊಟ್ಟಣ ಗಾಜಿನ ಪೆಟ್ಟಿಗೆ ಸೇರಿತು. ಅಡಿಕೆ ಮಾತ್ರ ಇನ್ನೂ ನಮ್ಮ ದವಡೆಯಲ್ಲೇ ಇದೆ.

ನನ್ನ ನಾದಿನಿ ನೀಲಗಂಗಾಳ ದವಡೆಯಲ್ಲಿ ಅಡಿಕೆಯ ಜೊತೆಗೆ ಒಂದು ಮುರಿದ ಹಲ್ಲೂ ಇತ್ತು. ಅವಳು ನನ್ನ ಗಂಡ ವಿರೂಪಾಕ್ಷನ ತಂಗಿ. ಗಂಡ ತೀರಿಹೋದ ಮೇಲೆ ಮಗಳು ಸುಗಂಧಾಳನ್ನು ಕರೆದುಕೊಂಡು ನಮ್ಮಲ್ಲೇ ಬಂದು ಇದ್ದಾಳೆ. ಓಣಿಯ ಯಾವ ಮದುವೆಗೂ ಸೋಬಾನೆ ಪದ ಹಾಡುವವಳು ಅವಳೇ. ಅವಳ ದನಿ ಎದ್ದರೆ ಒಲೆ ಮೇಲಿನ ಹಾಲು ಉಕ್ಕಿದರೂ ಯಾರೂ ಏಳುವುದಿಲ್ಲ. ಹೋದ ಚಳಿಮಾಸದಲ್ಲಿ ಸುಗಂಧಾಳಿಗೆ ಲಕ್ಷ್ಮೇಶ್ವರದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು. ಆದರೆ ನಮ್ಮಲ್ಲಿ ಹುಡುಗಿ ನೋಡುವ ಮೊದಲು ದೀಪ ನೋಡುವ ಶಾಸ್ತ್ರವಿದೆ. ಗಂಡಿನ ಕಡೆಯ ಹಿರಿಯರೊಬ್ಬರು ಕೆಲವು ತಿಂಗಳ ಕಾಲ ಆಗಾಗ ಸಂಜೆ ಓಣಿಯಲ್ಲಿ ಸುಮ್ಮನೆ ಅಡ್ಡಾಡಿ ಹೋಗುತ್ತಾರೆ. ಹಸಿರಿದ್ದರೆ ಮಾತು ಮುಂದುವರಿಯುತ್ತದೆ.

ದೀಪ ಮಾಡಿದ್ದು ಇದಕ್ಕಲ್ಲ. ಓಗೊಡುವುದಕ್ಕೆ. ಒಂದು ಮನೆಯ ದೀಪ ಕೆಂಡವಾದದ್ದನ್ನು ಮೊದಲು ಕಂಡವರು ಆ ಬಾಗಿಲಿಗೆ ಹೋಗಿ ‘ಕರೆದವರು ಯಾರು?’ ಎಂದು ಕೇಳಬೇಕು, ಇದ್ದದ್ದು ತಂದುಕೊಟ್ಟು ಡಾಕ್ಟರ ಬಳಿಗೆ ಜೊತೆಯಾಗಬೇಕು. ನನ್ನ ಅಜ್ಜಿಯ ಕಾಲಕ್ಕೆ ಹಾಗಿತ್ತಂತೆ. ಈಗ ಕೆಂಡ ಕಂಡರೆ ಜನ ಮುಖ ತಿರುಗಿಸುತ್ತಾರೆ, ಮನೆಯವರು ನಾಚಿಕೊಂಡು ತಣಿಹನಿ ತರಿಸುತ್ತಾರೆ. ತಣಿಹನಿ ಎಂದರೆ ಕರೆಗಳ ಬಾಯಿ ಮುಚ್ಚಿಸುವ ಔಷಧ. ಅದೇನೂ ಕೆಟ್ಟದ್ದಲ್ಲ. ಕೀಲುಗಳು ತಮ್ಮನ್ನು ತಾವೇ ಸುಟ್ಟುಕೊಳ್ಳುವ ರೋಗದವರಿಗೆ ಅದು ಅಮೃತ, ಡಾಕ್ಟರು ಅಳೆದು ಕೊಡುತ್ತಾರೆ, ನೋಡಿಕೊಳ್ಳುತ್ತಾರೆ. ದೀಪದ ಬಣ್ಣಕ್ಕಾಗಿ ಕದ್ದು ಕುಡಿಯುವುದು ಬೇರೆ. ನಮ್ಮ ಪಕ್ಕದ ಮನೆಯ ದಾವಲಬಿಯ ಮೊಣಕಾಲುಗಳು ವರ್ಷಪೂರ್ತಿ ಕೂಗುತ್ತವೆ. ಆಕೆಯ ದೀಪ ಪೂರ್ತಿ ಹಸಿರಾದದ್ದನ್ನು ನಾನು ಕಂಡೇ ಇಲ್ಲ. ಓಣಿಯಲ್ಲಿ ಅದರ ಬಗ್ಗೆ ತಲೆಕೆಡಿಸಿಕೊಳ್ಳದವಳು ಆಕೆಯೊಬ್ಬಳೇ.

ನೀಲಗಂಗಾ ಮೊದಲು ಮಾಡಿದ್ದು ಹೊಸ್ತಿಲು ದಾಟುವ ಕೆಲಸ. ಸೀರೆ ಎತ್ತಿ ಹಿಡಿದು ಅತಿಥಿಯ ಹಾಗೆ ಹಾರಿಕೊಂಡು ಬರುತ್ತಿದ್ದಳು. ಕೇಳಿದರೆ, “ಹಳೇ ಮಂದಿ ತುಳೀತಿದ್ದಿಲ್ಲಂತ ವೈನಿ, ಹೊಸ್ತಿಲಾ ಅಂದ್ರ ಲಕ್ಷ್ಮಿ ಅಲ್ಲೇನು” ಎಂದಳು. ನಾನು ಪುಸ್ತಕದ ಹುಳು, ಹಳೆಯದೆಂದರೆ ಬಾಯಿ ಬಿಡುವವಳು, ಅವಳ ಭಕ್ತಿಯನ್ನು ಮೆಚ್ಚಿಕೊಂಡೆ. ಆದರೆ ಮನೆಯವರೊಬ್ಬರು ತುಳಿಯದೆ ದಿನಗಳಾದರೆ ದೀಪ ಮಂಕಾಗುತ್ತದೆ. ಮಂಕು ದೀಪ ಕಂಡು ದಾವಲಬಿ ಒಮ್ಮೆ ಬಾಗಿಲಿಗೆ ಬಂದಳು. ನೀಲಗಂಗಾ ಅವಳನ್ನು ಒಳಗೂ ಕರೆಯದೆ, “ಏನಿಲ್ಲs, ದೀಪಾ ಕೆಟ್ಟೈತಿ ಹೋಗು” ಎಂದು ಕಳಿಸಿಬಿಟ್ಟಳು. ಮರುವಾರದಿಂದ ಹೊಸ್ತಿಲು ತುಳಿದಳು, ದೀಪ ಎಳೆಚಿಗುರಿನಂಥ ಹಸಿರಾಯಿತು. ಗಂಡಿನ ಕಡೆಯಿಂದ ದೀಪ ನೋಡಲು ಬರುವ ಲಕ್ಷ್ಮೇಶ್ವರದ ಮುದುಕಿ ಸಂಜೆ ಬಂದು ನೋಡಿ ನಕ್ಕು ಹೋಗತೊಡಗಿದಳು. ನಾವೆಲ್ಲ ಸಂತೋಷಪಟ್ಟೆವು. ಕೂಗು ನಿಂತ ಮನೆಯಲ್ಲಿ ಗಾಯ ಮಾಯ್ದಿತೆಂದು ತಿಳಿದೆವು.

ನನಗೆ ಅನುಮಾನ ಹುಟ್ಟಿಸಿದ್ದು ದೀಪವಲ್ಲ, ಊಟ. ಖಡಕ್ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಕಟಕಟ ತಿನ್ನುವವಳು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ದವಡೆಯಲ್ಲಿ ನುರಿಸುತ್ತಿದ್ದಳು. ಚಟ್ನಿ ತಟ್ಟೆಯ ಅಂಚಿಗೆ ಹೋಯಿತು, ಆಮೇಲೆ ತಟ್ಟೆಗೇ ಬರಲಿಲ್ಲ. “ಬಾಯಿ ತೋರಿಸು ನೀಲಾ” ಎಂದರೆ, “ನಾನೇನು ಸಂತ್ಯಾಗಿನ ಎತ್ತೇನು, ಹಲ್ಲು ಎಣಸ್ತೀರಿ?” ಎಂದಳು. ನನ್ನ ಗಂಡ ಓದುತ್ತಿದ್ದವನು ತಲೆ ಎತ್ತದೆ, “ಉಷ್ಣ ಆಗಿರಬೇಕು, ಮಜ್ಜಿಗಿ ಕುಡೀಲಿ” ಎಂದ. ನಿಮ್ಮ ದನಿ! ಇನ್ನೂರೆಂಬತ್ತು ವರ್ಷ ದಾಟಿ, ಒಂದಕ್ಷರ ಬದಲಾಗದೆ, ನಮ್ಮ ಪಡಸಾಲೆಗೆ ಬಂದು ಕೂತಿತ್ತು. ಆ ಕ್ಷಣ ತಟ್ಟೆ ಎಸೆಯದೆ ಇದ್ದದ್ದು ನನ್ನ ಓದಿನ ಪುಣ್ಯ.

ಕಡೆಗೆ ಸುಗಂಧಾ ಅಮ್ಮನ ಗದ್ದ ಹಿಡಿದಳು, ನಾನು ಬೆಳಕು ಬಿಟ್ಟು ನೋಡಿದೆ. ಹಿಂದಿನ ಹಲ್ಲಿನ ಅಂಚು ಒಡೆದ ಬಳೆಯ ಚೂರಿನ ಹಾಗೆ ಚೂಪಾಗಿತ್ತು. ಅದಕ್ಕೆ ಎದುರಾಗಿ ಕೆನ್ನೆಯೊಳಗೆ ಒಂದು ಹುಣ್ಣು, ಅಂಚು ಬಿಳಿ, ಮುಟ್ಟಿದರೆ ಗಟ್ಟಿ. ತಿಂದಾಗಲೆಲ್ಲ, ಮಾತಾಡಿದಾಗಲೆಲ್ಲ, ಹಾಡಿದಾಗಲೆಲ್ಲ ಹಲ್ಲು ಅದನ್ನು ಕೆತ್ತುತ್ತಿತ್ತು. ಖಾರ ಮುಟ್ಟಲಾರದವಳನ್ನು ಡಾಕ್ಟರ್ ಮೆಣಸಿನಕಾಯಿ ಎಂಬವರ ಬಳಿಗೆ ಕರೆದೊಯ್ಯಬೇಕಾಯಿತು. ಅದು ಅವರ ಮನೆತನದ ಹೆಸರು, ನಮ್ಮ ಸೀಮೆಯಲ್ಲಿ ಅಂಥ ಹೆಸರುಗಳು ನಿಮ್ಮ ಕಾಲದಿಂದಲೂ ಇವೆ. ಅವರು ಚೂರು ತೆಗೆದು ಪರೀಕ್ಷೆಗೆ ಹಾಕಿದರು, ಫಲಿತಾಂಶ ಬಂದ ದಿನ ನಮ್ಮನ್ನು ಕೂರಿಸಿಕೊಂಡು, ಕದ್ದು ತಣಿಹನಿ ಕುಡಿದದ್ದನ್ನು ನೀಲಗಂಗಾಳ ಬಾಯಿಂದಲೇ ಹೊರಡಿಸಿದರು.

“ಮೊದಲs ಬಂದಿದ್ರ ಹಲ್ಲು ತಿಕ್ಕಿ ನುಣುಪು ಮಾಡಿ, ಅಡಿಕಿ ಬಿಡಿಸಿ ಕಳಸ್ತಿದ್ದೆ,” ಎಂದರು. “ಹುಣ್ಣು ಬಡಕೊಳ್ಳಾಕತ್ತಿತ್ತು. ನೀವು ಬಾಯಿಗೆ ಔಷಧಾ ಮಾಡ್ಲಿಲ್ಲ, ದೀಪಕ್ಕ ಔಷಧಾ ಹಾಕಿದ್ರಿ. ಹನಿ ಕುಡದು ಕಾವಲಿನವ್ರನ್ನೂ ಮಲಗಿಸಿಬಿಟ್ರಿ. ಕಳ್ಳಗ ಇನ್ನೇನು ಬೇಕವ್ವಾ?”

ಕ್ಯಾನ್ಸರು. ಇನ್ನೂ ಸಣ್ಣದು. ಕತ್ತರಿಸಿ ತೆಗೆಯಬಹುದು. ಆದರೆ ತಣಿಹನಿ ಇವತ್ತೇ ನಿಲ್ಲಬೇಕು, ಕಾವಲುಕೋಶಗಳನ್ನು ಕೂಗಿ ಎಬ್ಬಿಸುವ ಸೂಜಿ ಹಾಕಿಸಿಕೊಳ್ಳಬೇಕು. ಎಬ್ಬಿಸುವುದೆಂದರೆ ದೇಹ ಜೋರಾಗಿ ಕೂಗುತ್ತದೆ, ಜ್ವರ ಬರುತ್ತದೆ, ದೀಪ ನಿಗಿನಿಗಿ ಕೆಂಡವಾಗಿ ವಾರಗಟ್ಟಲೆ ಹಾಗೇ ಇರುತ್ತದೆ. ಲಕ್ಷ್ಮೇಶ್ವರದವರು ಮಾತು ಮುಗಿಸಲು ಬರುವುದು ಅದೇ ವಾರಗಳಲ್ಲಿ. ನೀಲಗಂಗಾ ಸೆರಗು ಕೊಡವಿ ಎದ್ದಳು. “ಮಗಳ ಲಗ್ನಾ ಆಗ್ಲಿ. ಆಮ್ಯಾಲೆ ಕೊಯ್ರಿ, ಹೆಚ್ರಿ, ಏನ್ ಬೇಕಾದ್ದು ಮಾಡ್ರಿ.”

ಮುಂದಿನ ಹತ್ತು ಹನ್ನೆರಡು ದಿನ ನಾನು ಏನೇನು ಮಾಡಿದೆನೆಂದು ಬರೆದರೆ ಈ ಕಾಗದ ಸಾಲದು. ಚಿತ್ರ ಬರೆದು ತೋರಿಸಿದೆ, ನಿಮ್ಮ ಹಾಗೆಯೇ ಬಾಣ ಹಾಕಿದೆ. ಕ್ಯಾನ್ಸರು ಹೇಗೆ ಸುಳ್ಳು ಕರೆ ಕಳಿಸುತ್ತದೆಂದು ವಿವರಿಸಿದೆ. ಅವಳು ಪೂರ್ತಿ ಕೇಳಿ, “ನಿಮ್ಮ ಬಾಯಿಗಿ ಆಯಾಸ ಆಗಿರಬೇಕು ವೈನಿ, ಮಜ್ಜಿಗಿ ಕೊಡ್ಲೇನು?” ಎಂದಳು. ವಿರೂಪಾಕ್ಷ ತಂಗಿಯ ಮುಂದೆ ಅತ್ತ. ಸುಗಂಧಾ ಅಮ್ಮನ ಜೊತೆ ಮಾತು ಬಿಟ್ಟಳು. ಯಾವುದೂ ನಾಟಲಿಲ್ಲ. ಸಾಯುವುದು ಅವಳಿಗೆ ದೂರದ ಸಂಗತಿ, ಓಣಿಯವರ ಕಣ್ಣು ಹತ್ತಿರದ್ದು.

ನಾಟಿದ್ದು ಯಾವುದು ಗೊತ್ತೇ? ಒಂದು ಸಂಜೆ ಕಟ್ಟೆಯ ಹೆಂಗಸರೆಲ್ಲ, ಸುಗಂಧಾಳ ಮದುವೆ ಗೊತ್ತಾದಂತೆಯೇ ಎಂದುಕೊಂಡು, ಸೋಬಾನೆ ಹೊಂದಿಸಿಕೊಳ್ಳಲು ಕೂತರು. ನೀಲಗಂಗಾ ಮೊದಲ ಸೊಲ್ಲು ಎತ್ತಲು ಬಾಯಿ ತೆರೆದಳು. ಬಾಯಿ ಅರ್ಧಕ್ಕೇ ನಿಂತಿತು. ಕೆನ್ನೆ ಬಿಗಿದು ಹಿಡಿದಿತ್ತು, ದನಿ ಹಲ್ಲಿನ ಹಿಂದೆಯೇ ಉಳಿಯಿತು. ಇನ್ನೊಮ್ಮೆ ತೆರೆದಳು, ಮತ್ತೊಮ್ಮೆ. ಆಗ ಎದುರುಮನೆಯ ಸಂಗವ್ವ ತಾನೇ ಎತ್ತಿಕೊಂಡು ಹಾಡಿದಳು. ನೀಲಗಂಗಾ ಒಳಗೆ ಬಂದು ನನ್ನ ಮುಂದೆ ನಿಂತಳು. ಕಣ್ಣು ತುಂಬಿತ್ತು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ, ಅವಳು ಸಿಡಿದಳು: “ನನ್ನ ಮಗಳ ಸೋಬಾನಾ ಆ ಸಂಗವ್ವ ಹಾಡ್ತಾಳೇನು ವೈನಿ? ಆಕೀ ದನಿಗೆ ಗ್ವಾಡೀ ಸುಣ್ಣಾ ಉದರತೈತಿ! ನಡೀರಿ, ಆ ಮೆಣಸಿನಕಾಯಿ ಡಾಕ್ಟರ್ ಹಂತ್ಯಾಕ ಹೋಗೂಣು.” ತಣಿಹನಿಯ ಸೀಸೆಯನ್ನು ಅವಳೇ ಮೋರಿಗೆ ಸುರಿದಳು. ವಿಜ್ಞಾನ ಸೋತಿತು, ಕಣ್ಣೀರು ಸೋತಿತು, ಸಂಗವ್ವನ ಬೇಸುರ ಗೆದ್ದಿತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದಾಯಿತು.

ಹುಣ್ಣು ಕತ್ತರಿಸಿ ತೆಗೆದಿದ್ದಾರೆ. ಹಲ್ಲೂ ಹೋಯಿತು. ಎಬ್ಬಿಸುವ ಸೂಜಿ ಮೊನ್ನೆ ಕೊಟ್ಟರು. ಕಾವಲಿನವರು ಏಳುತ್ತಾರೋ ಇಲ್ಲವೋ, ಉಳಿದ ಒಂದೆರಡು ಕಳ್ಳಕೋಶಗಳನ್ನು ಹಿಡಿಯುತ್ತಾರೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಮತ್ತೆ ಹಾಡುವಷ್ಟು ಬಾಯಿ ತೆರೆಯುತ್ತದೆಯೋ, ಅದೂ ಗೊತ್ತಿಲ್ಲ. ಅವಳು ಒಳಗೆ ಜ್ವರದಲ್ಲಿ ಮಲಗಿದ್ದಾಳೆ. ನಿನ್ನೆ ಸಂಜೆ ಅವಳನ್ನು ನಾನೂ ಸುಗಂಧಾಳೂ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಲ್ಲಿಸಿದೆವು. ದೀಪ ಮೊದಲು ಹಳದಿಯಾಯಿತು, ಆಮೇಲೆ ಭಗ್ಗೆಂದು ಕೆಂಡವಾಯಿತು. ಇಡೀ ಓಣಿಯ ತೇಪೆಗಳೆಲ್ಲ ಆ ಬೆಳಕಿನಲ್ಲಿ ಕಂಡವು. ಲಕ್ಷ್ಮೇಶ್ವರದ ಮುದುಕಿ ಮೂಲೆಯವರೆಗೆ ಬಂದಿದ್ದಳು. ದೀಪ ನೋಡಿದಳು, ಕೋಲು ತಿರುಗಿಸಿ ಬಂದ ದಾರಿಯಲ್ಲೇ ಹೋದಳು. ನಾನು ಸುಗಂಧಾಳ ಮುಖ ನೋಡಲಾರದೆ ನಿಂತಿದ್ದೆ. ಅವಳೇ ಅಂದಳು, “ದೀಪದ ಕೂಡ ಲಗ್ನಾ ಆಗೋ ಮಂದಿಗೆ ಒಂದ್ ದೀಪಾ ಕೊಟ್ಟು ಕಳಸ್ರಿ, ಅತ್ತಿ.” ಆಮೇಲೆ ಒಳಗೆ ಹೋಗಿ ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದಳು.

ಕಟ್ಟೆಗಳ ಮೇಲೆ ಕೂತಿದ್ದವರು ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ಸಂಗವ್ವ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ‘ಕರೆದವರು ಯಾರು’ ಎಂದು ಒಬ್ಬರೂ ಕೇಳಲಿಲ್ಲ. ಬೆಳಗಾಯಿತು, ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಶುರುವಾಯಿತು, ನಮ್ಮ ದೀಪ ಹಾಗೇ ಉರಿಯುತ್ತಿದೆ. ಅದರ ಬೆಳಕು ಬೀಳುವ ಪಡಸಾಲೆಯಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಕರೆ ಹೊರಡಿಸುವ ಅಣುಗಳನ್ನು ದೂರಿ ಏನು ಬಂತು? ಅವು ತಮ್ಮ ಕೆಲಸ ಮಾಡುತ್ತವೆ. ಕೇಳಿಸಿಕೊಳ್ಳಬೇಕಾದವರು ಕಿವಿ ಮುಚ್ಚಿಕೊಂಡರೆ ಯಾವ ಅಣು ಏನು ಮಾಡೀತು?

ನಿಮ್ಮಲ್ಲಿ ನನ್ನದೊಂದು ಬೇಡಿಕೆ, ಬೇಡಿಕೆ ಎನ್ನುವುದಕ್ಕಿಂತ ಗದರಿಕೆ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಇದ್ದರೆ ಅದಕ್ಕೆ ಮಜ್ಜಿಗೆ ಕುಡಿಸಬೇಡಿ, ಕರೆದುಕೊಂಡು ಹೋಗಿ ತೋರಿಸಿ. ಚೂಪು ಹಲ್ಲನ್ನು ತಿಕ್ಕಿಸಿ, ಅಡಿಕೆ ಉಗುಳಿಸಿ. ನಮಗೆ ಬಳುವಳಿ ಕಟ್ಟುವಾಗ ಆ ಉಷ್ಣದ ಚೀಲವನ್ನು ದಯವಿಟ್ಟು ಅಲ್ಲೇ ಬಿಡಿ. ಅದರ ಬದಲು, ಇನ್ನೊಬ್ಬರ ಬಾಗಿಲಿಗೆ ಹೋಗಿ ಏನಾಯಿತೆಂದು ಕೇಳುವ ಅಭ್ಯಾಸವೊಂದು ನಿಮ್ಮಲ್ಲಿತ್ತಂತೆ, ಅದನ್ನು ಕಳಿಸಿಕೊಡಿ. ನಾವು ಬರಿಯ ದೀಪ ಮಾಡಿಕೊಂಡೆವು. ಆ ಸಾಲಿನ ಮುಂದಿನ ಸಾಲು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ…

ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದೆ, ಈಗ ಬಂದು ಮುಂದುವರಿಸುತ್ತಿದ್ದೇನೆ. ಯಾರೋ ಬಾಗಿಲು ಬಡಿದಿದ್ದರು. ದಾವಲಬಿ. ಒಂದು ಕೈಯಲ್ಲಿ ಅಂಬಲಿಯ ಬೋಗುಣಿ, ಇನ್ನೊಂದು ಕೈ ಚೌಕಟ್ಟಿನ ಮೇಲೆ. ಅವಳಿಗೆ ಮೊಣಕಾಲು ಎತ್ತುವುದೇ ಕಷ್ಟ, ಆದರೂ ಅತಿಥಿ ಹೊಸ್ತಿಲು ದಾಟಿ ಬರಬೇಕಲ್ಲ, ಹಿಡಿದುಕೊಳ್ಳಲೆಂದು ನಾನು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿ, ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಹೊಸ್ತಿಲ ತಗಡಿನ ಮೇಲೆ ಊರಿ ನಿಂತಳು. ದೀಪ ಇನ್ನಷ್ಟು ಕೆಂಪಾಯಿತು. ಅದನ್ನೊಮ್ಮೆ ತಲೆಯೆತ್ತಿ ನೋಡಿ ಹೇಳಿದಳು:

“ಹಸರಿದ್ದಾಗ ಕರೀಲಿಲ್ಲ, ಬರ್ಲಿಲ್ಲ ಮುಕ್ತಕ್ಕಾ. ಈಗ ಕರದೀರಿ, ಬಂದೇನಿ. ಹಾದಿ ಬಿಡ್ರಿ, ಅಂಬ್ಲಿ ಆರಿಸ್ಕೊಂಡs ತಂದೇನಿ. ಒಬ್ಬಾಕೀನs ಎಷ್ಟಂತ ಕೂಗ್ಯಾಳು, ನನ್ನ ಮೊಣಕಾಲೂ ಒಂದೀಟು ಕೂಗ್ಲಿ.”